ನಿಮ್ಮ ಲೇಖನ ಶುರುವಾಗೋದೇ ಏಳನೇ ಪುಟದಲ್ಲಿ

ನಮಸ್ಕಾರ್ರಿ,

ನೀವು ಕಳಿಸಿದ ‘ಟೀವಿ ನಡೆದು ಬಂದ ದಾರಿ’ ತಲುಪಿತು. ಎಂಟು ಪುಟವನ್ನೂ ಎರಡು ಸಲ ಓದಿದೆ. ಈಗ ಇರುವ ಹಾಗೆ ಅಚ್ಚು ಹಾಕೋಕಾಗಲ್ಲ. ಬೇಜಾರು ಮಾಡ್ಕೊಂಡು ಪತ್ರ ಮಡಚಿಡಬೇಡಿ, ಮುಂದೆ ಓದಿ.

‘ಆಧುನಿಕ ವಿಜ್ಞಾನದ ಅದ್ಭುತ ಕೊಡುಗೆಗಳಲ್ಲಿ ದೂರದರ್ಶನವೂ ಒಂದು’ ಅಂತ ಶುರು ಮಾಡಿದ್ದೀರಿ. ದೂರದರ್ಶನ ತೆಗೆದು ಅಲ್ಲಿ ಮಿಕ್ಸರ್ ಅಂತ ಹಾಕಿ ನೋಡಿ. ವಾಕ್ಯಕ್ಕೆ ಏನೂ ಆಗಲ್ಲ ಅಲ್ವಾ? ಅಂಥ ವಾಕ್ಯ ನಮಗೆ ಬೇಡ.

ಆಮೇಲೆ ಐದಾರು ಪುಟ ಲಂಡನ್, ಅಮೆರಿಕ ಸುತ್ತಿಸಿದ್ದೀರಿ. ಅಲ್ಲೂ ಎಡವಿದ್ದೀರಿ. ಸ್ಕಾಟ್ಲೆಂಡಿನ ಜಾನ್ ಬೇರ್ಡ್ 1926ರಲ್ಲಿ ಲಂಡನ್ನಿನಲ್ಲಿ ತೋರಿಸಿದ್ದು ನಮ್ಮ ಮನೆಗಳಲ್ಲಿದ್ದ ಡಬ್ಬಾ ಟೀವಿ ಅಲ್ಲ. ತೂತು ಕೊರೆದ ತಟ್ಟೆಯನ್ನು ಗರಗರ ತಿರುಗಿಸಿ ಚಿತ್ರವನ್ನು ಗೆರೆಗೆರೆಯಾಗಿ ಬಿಡಿಸುವ ಯಂತ್ರ ಅದು. ಆ ತಟ್ಟೆಯ ಉಪಾಯವೂ ಜರ್ಮನಿಯ ನಿಪ್ಕೋವ್‌ದು, 1884ರದು. ತಿರುಗುವ ತಟ್ಟೆ ಇಲ್ಲದೆ, ಬರೀ ಎಲೆಕ್ಟ್ರಾನುಗಳಿಂದ ಚಿತ್ರ ಕಳಿಸಿ ತೋರಿಸಿದವನು ಅಮೆರಿಕದ ಫಾರ್ನ್ಸ್‌ವರ್ತ್. ಇಸವಿ 1927, ಅವನಿಗಾಗ 21 ವರ್ಷ. ಡಬ್ಬಾ ಟೀವಿ ಅವನ ಸಾಲಿಗೆ ಸೇರುತ್ತದೆ. ಇಷ್ಟೇ ಸಾಕು, ಇದಕ್ಕೆ ಐದು ಪುಟ ಯಾಕೆ?

ದೊಡ್ಡ ತಪ್ಪು ಆರನೇ ಪುಟದಲ್ಲಿದೆ. ‘1981ರಲ್ಲಿ ಬೆಂಗಳೂರಿನ ಮೂಲಕ ಕರ್ನಾಟಕಕ್ಕೆ ಟೀವಿ ಬಂತು’ ಅಂದಿದ್ದೀರಿ. ಬೆಂಗಳೂರು ಕೇಂದ್ರ ಶುರುವಾದದ್ದು 1981ರಲ್ಲೇ, ಅದು ಸರಿ. ಆದರೆ ಅದಕ್ಕೂ ಆರು ವರ್ಷ ಮೊದಲೇ ನಮ್ಮ ಕಡೆಯ ಹಳ್ಳಿಗಳಲ್ಲಿ ಜನ ಕುಂತು ಕನ್ನಡದ ಕಾರ್ಯಕ್ರಮ ನೋಡಿದ್ದರು. ನಾನೂ ಬಹಳ ದಿನ ನಿಮ್ಮ ಹಾಗೇ ನಂಬಿದ್ದೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೇನೆ.

1975ರ ಆಗಸ್ಟ್ 1ರಂದು ‘ಸೈಟ್’, ಅಂದರೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ಮುಟ್ಟಿಸುವ ಪ್ರಯೋಗ ಶುರುವಾಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿ. ನಮ್ಮ ರಾಜ್ಯದಿಂದ ಗುಲಬರ್ಗಾ, ರಾಯಚೂರು, ಬಿಜಾಪುರ. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. ಅಮೆರಿಕದಿಂದ ಒಂದು ವರ್ಷಕ್ಕೆ ಎರವಲು ತಂದ ಎಟಿಎಸ್-6 ಉಪಗ್ರಹ, ಅಹಮದಾಬಾದಿನಿಂದ ಮೇಲಕ್ಕೆ ಹೋಗುವ ಕಾರ್ಯಕ್ರಮ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ.

ಈಗ ನಿಮ್ಮ ಏಳನೇ ಪುಟಕ್ಕೆ ಬರ್ತೀನಿ. ಕೆಳಗೆ ಒಂದು ಸಾಲು: ‘ನಮ್ಮೂರ ಶಾಲೆ ಹತ್ರ ಕೋಳಿ ಬಲೆಯ ದೊಡ್ಡ ಛತ್ರಿ ಇತ್ತು ಅಂತ ಮುತ್ಯಾ ಹೇಳ್ತಿರ್ತಾರೆ.’ ಅಷ್ಟು ಬರೆದು ಮುಂದಿನ ಸಾಲಿಗೇ ಎಲ್‌ಇಡಿ ಟೀವಿಗೆ ಹಾರಿಬಿಟ್ಟಿದ್ದೀರಿ! ಓದಿ ತಲೆ ಚಚ್ಚಿಕೊಂಡೆ. ಎಂಟು ಪುಟದಲ್ಲಿ ನಿಮ್ಮದು ಅಂತ ಇರೋದು ಅದೊಂದೇ ಸಾಲು.

ಆ ಛತ್ರಿ ಉಪಗ್ರಹದ ಅಲೆ ಹಿಡಿಯುವ ಆಂಟೆನಾ, ಅದು ನಿಜವಾಗಿಯೂ ಕೋಳಿ ಬಲೆಯೇ. ಸುಮಾರು ಮೂರು ಮೀಟರ್ ಅಗಲ. ತಗಡು ಬಿಟ್ಟು ಬಲೆ ಯಾಕೆ ಹಾಕಿದರು? ಅಲ್ಲಿಗೆ ಬರುತ್ತಿದ್ದ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಒಂದು ಗೇಣಿಗಿಂತ ಜಾಸ್ತಿ. ಬಲೆಯ ಕಣ್ಣು ಒಂದೆರಡು ಬೆರಳು ಅಗಲ. ಅಷ್ಟು ಉದ್ದದ ಅಲೆಗೆ ಆ ಸಣ್ಣ ಕಣ್ಣು ಲೆಕ್ಕಕ್ಕೇ ಇಲ್ಲ, ಬಲೆಯೂ ಅದಕ್ಕೆ ತಗಡಿನ ಹಾಗೇ. ಗಾಳಿ ಮಾತ್ರ ತೂರಿ ಹೋಗುತ್ತದೆ. ಹಗುರ, ಅಗ್ಗ. ಇನ್ನೊಂದು ಗುಟ್ಟು ಮೇಲಿತ್ತು. ಆ ಉಪಗ್ರಹ ಬಾನಿನಲ್ಲಿ ಒಂಬತ್ತು ಮೀಟರಿನ ಛತ್ರಿ ಬಿಚ್ಚಿಕೊಂಡು ನಿಂತಿತ್ತು. ಅಲ್ಲಿ ಛತ್ರಿ ದೊಡ್ಡದಾಗಿದ್ದಕ್ಕೆ ನಿಮ್ಮೂರಲ್ಲಿ ಸಣ್ಣದು ಸಾಕಾಯಿತು. ಇದನ್ನು ನೀವು ಮುತ್ಯಾನ ಮಾತಿನ ಜೊತೆ ಹೆಣೆದು ಬರೀಬೇಕು, ಬೇರೆ ಪ್ಯಾರಾ ಮಾಡಿ ತುರುಕಬೇಡಿ.

ಉಪಗ್ರಹ ಒಂದು ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸಬಲ್ಲದಾಗಿತ್ತು. ನಿಮ್ಮೂರಲ್ಲಿ ತೆಲುಗು ಏನಾದರೂ ಕೇಳಿಸ್ತಿತ್ತಾ, ಕೇಳಿ. ಟೀವಿ ಇಟ್ಟ ಕೋಣೆಯ ಕೀಲಿಕೈ ಯಾರ ಹತ್ತಿರ ಇತ್ತು? ಹೆಣ್ಣುಮಕ್ಕಳು ಎಲ್ಲಿ ಕುಂಡ್ರುತ್ತಿದ್ದರು? ಕರೆಂಟ್ ಹೋದರೆ ಏನು ಮಾಡ್ತಿದ್ದರು? 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಎರವಲು ತಂದದ್ದು ವಾಪಸ್ ಹೋಯಿತು. ಗುಲಬರ್ಗಾದಲ್ಲಿ ಉಪಗ್ರಹ ಇಲ್ಲದೆ ನೆಲದ ಮೇಲಿನ ಗೋಪುರದಿಂದಲೇ ಪ್ರಸಾರ ಶುರುವಾದದ್ದು 1977ರಲ್ಲಿ. ನಡುವಿನ ತಿಂಗಳುಗಳಲ್ಲಿ ಆ ಪೆಟ್ಟಿಗೆ ಏನಾಯಿತು? ನನಗೆ ಎಲ್ಲಕ್ಕಿಂತ ಅದೇ ಬೇಕು.

ಕೊನೆಯ ಪುಟದ ‘ಟೀವಿಯನ್ನು ಮಿತವಾಗಿ ನೋಡೋಣ’ ಹೊಡೆದು ಹಾಕಿದ್ದೇನೆ. ಓದುವವರು ಸಣ್ಣ ಮಕ್ಕಳಲ್ಲ.

ಸಾವಿರ ಪದ ಸಾಕು. ಪಂಚಮಿಗೆ ಊರಿಗೆ ಹೋಗ್ತೀರಲ್ಲ, ನೋಟ್‌ಬುಕ್ ಒಯ್ಯಿರಿ. ಮುತ್ಯಾ ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ. ಆ ಬಲೆಯ ತುಂಡನ್ನು ಯಾರಾದರೂ ಹಿತ್ತಲ ಬೇಲಿಗೆ ಕಟ್ಟಿಕೊಂಡಿರಲೂಬಹುದು, ಒಂದು ಸುತ್ತು ಹಾಕಿ ನೋಡಿ ಬನ್ನಿ.

ಇಂತಿ,
ಸಂಪಾದಕ, ಕಲಬುರಗಿ