ಎಕ್ಸೆಪ್ಷನ್ ಬರೆದಿದ್ದರೂ ಎರರ್ ತಪ್ಪಿಸಿಕೊಂಡಿತು, ಯಾಕೆ?

ಪ್ರಶ್ನೆ: ಡೇಟಾಬೇಸ್‌ಗೆ ಬಳಸುವ ಎಸ್‌ಕ್ಯೂಎಲ್ ಬರುತ್ತದೆ, ಅದರ ಜೊತೆ ಪ್ರೋಗ್ರಾಂ ಬರೆಯುವ ಒರಾಕಲ್‌ನ ಭಾಷೆ ಪಿಎಲ್/ಎಸ್‌ಕ್ಯೂಎಲ್ ಈಗಷ್ಟೇ ಕಲಿಯುತ್ತಿದ್ದೇನೆ. ಡಿಕ್ಲೇರ್ ಭಾಗದಲ್ಲಿ ನಂಬರ್(3) ಎಂದು ಒಂದು ವೇರಿಯಬಲ್ ಮಾಡಿ, ಅದೇ ಸಾಲಿನಲ್ಲಿ 1250 ಕೊಟ್ಟೆ. ಕೆಳಗೆ ಎಕ್ಸೆಪ್ಷನ್ ಭಾಗದಲ್ಲಿ, ಯಾವ ಎರರ್ ಬಂದರೂ ಹಿಡಿದು ಸುಮ್ಮನಿರುವ ಹ್ಯಾಂಡ್ಲರ್ ‘ವೆನ್ ಅದರ್ಸ್ ದೆನ್ ನಲ್’ ಇತ್ತು. ಆದರೂ ಬೆಲೆ ಹಿಡಿಸಲಿಲ್ಲ ಎನ್ನುವ ಒರಾ-06502 ಎರರ್ ಬಂತು. ಹ್ಯಾಂಡ್ಲರ್ ಯಾಕೆ ಹಿಡಿಯಲಿಲ್ಲ? ಇನ್ನೊಂದು, ಬ್ಲಾಕ್‌ನಲ್ಲಿ ಎಲ್ಲ ಭಾಗಗಳೂ ಇರಲೇಬೇಕಾ?

ಉತ್ತರ: ಎರಡನೆಯದು ಸುಲಭ, ಮೊದಲು ಅದನ್ನೇ ಮುಗಿಸೋಣ. ಬಿಗಿನ್, ಎಂಡ್ ಇರಲೇಬೇಕು. ಡಿಕ್ಲೇರ್, ಎಕ್ಸೆಪ್ಷನ್ ಬೇಕಿದ್ದರೆ ಮಾತ್ರ. ಬಿಗಿನ್, ಎಂಡ್ ನಡುವೆ ಖಾಲಿ ಬಿಡುವ ಹಾಗಿಲ್ಲ. ಬರೆಯಲು ಏನೂ ಇಲ್ಲವೇ? ಸುಮ್ನೆ ನಲ್ ಅಂತ ಬರೆದು ಸೆಮಿಕೋಲನ್ ಹಾಕಿ, ಸಾಕು. ಒರಾಕಲ್‌ಗೆ ಕಮಾಂಡ್ ಕೊಡುವ ಎಸ್‌ಕ್ಯೂಎಲ್ ಪ್ಲಸ್‌ನಲ್ಲಾದರೆ ಕೊನೆಗೆ ಬೇರೆ ಸಾಲಿನಲ್ಲಿ ಒಂದು ಸ್ಲ್ಯಾಶ್ ಬೇಕು. ಅದಿಲ್ಲದಿದ್ದರೆ ಅದು ಮುಂದಿನ ಸಾಲಿನ ನಂಬರ್ ತೋರಿಸುತ್ತಾ ಕೂತಿರುತ್ತದೆ. ಹ್ಯಾಂಗ್ ಆಯ್ತು ಅಂತ ಕಿಟಕಿ ಮುಚ್ಚಿದವರನ್ನು ನೋಡಿದ್ದೇನೆ.

ಈಗ ನಿಮ್ಮ ಎರರ್. ನಂಬರ್(3)ರಲ್ಲಿ 999ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ, ಅದು ನಿಮಗೂ ಗೊತ್ತು. ವಿಷಯ ಎರರ್ ಆದ ಜಾಗದ್ದು. ಹ್ಯಾಂಡ್ಲರ್ ಕಾಯುವುದು ಬಿಗಿನ್‌ನಿಂದ ಎಕ್ಸೆಪ್ಷನ್‌ವರೆಗಿನ ಸಾಲುಗಳನ್ನು ಮಾತ್ರ. ನೀವು ಎಡವಿದ್ದು ಬಿಗಿನ್‌ಗಿಂತ ಮೇಲೆ, ಹೊಸಿಲು ದಾಟುವ ಮುಂಚೆಯೇ. ಅಲ್ಲಿ ಆದ ಎರರ್ ನೇರವಾಗಿ ಹೊರಗಿನ ಬ್ಲಾಕ್‌ಗೆ ಹೋಗುತ್ತದೆ. ನಿಮಗೆ ಹೊರಗಿನ ಬ್ಲಾಕೇ ಇರಲಿಲ್ಲ, ಹಾಗಾಗಿ ಸ್ಕ್ರೀನ್ ಮೇಲೆ ಬಂತು. ಇದು ಒರಾಕಲ್‌ನವರ ಎಡವಟ್ಟಲ್ಲ. 1988ರಲ್ಲಿ 6ನೇ ವರ್ಷನ್ ಜೊತೆ ಬಂದ ಪಿಎಲ್/ಎಸ್‌ಕ್ಯೂಎಲ್ ತನ್ನ ಅಚ್ಚನ್ನು ಅಡಾ ಭಾಷೆಯಿಂದ ಪಡೆದದ್ದು. ಅಲ್ಲೂ ಇದೇ ನಿಯಮ.

ಪರಿಹಾರ ಎರಡಿವೆ. ಇಡೀ ಬ್ಲಾಕನ್ನು ಇನ್ನೊಂದು ಬಿಗಿನ್-ಎಂಡ್ ಒಳಗೆ ಹಾಕಿ, ಹ್ಯಾಂಡ್ಲರನ್ನು ಹೊರಗಡೆ ಇಡಬಹುದು. ಆದರೆ ಒಳಗೆ ಡಿಕ್ಲೇರ್ ಮಾಡಿದ ವೇರಿಯಬಲ್ ಹೊರಗಿನ ಹ್ಯಾಂಡ್ಲರ್‌ಗೆ ಕಾಣಿಸುವುದೇ ಇಲ್ಲ. ಅದಕ್ಕೇ ನನಗೆ ಇನ್ನೊಂದು ದಾರಿ ಇಷ್ಟ: ಮೇಲೆ ಹೆಸರು, ಅಳತೆ ಮಾತ್ರ ಬರೆಯಿರಿ. ಬೆಲೆಯನ್ನು ಬಿಗಿನ್ ಆದಮೇಲೆ ಕೊಡಿ.

ಹಾಗಂತ ಬ್ಲಾಕ್ ಒಳಗೊಂದು ಬ್ಲಾಕ್ ದಂಡ ಅಂದುಕೊಳ್ಳಬೇಡಿ. ಲೂಪ್‌ನಲ್ಲಿ ಅದು ಬೇಕೇ ಬೇಕು. 100 ಉದ್ಯೋಗಿ ನಂಬರ್‌ಗಳಿಗೆ ಒಂದೊಂದಾಗಿ ಸೆಲೆಕ್ಟ್ ಇಂಟೂ (ದಾಖಲೆಯನ್ನು ವೇರಿಯಬಲ್‌ಗೆ ತರುವುದು) ಮಾಡುತ್ತಿದ್ದೀರಿ ಅಂದುಕೊಳ್ಳಿ. 37ನೆಯವರ ದಾಖಲೆ ಇಲ್ಲ, ನೋ ಡೇಟಾ ಫೌಂಡ್ ಬಂತು. ಹ್ಯಾಂಡ್ಲರ್ ತೀರಾ ಕೆಳಗೆ ಒಂದೇ ಇದ್ದರೆ ಲೂಪ್ ಅಲ್ಲಿಗೇ ಮುಗಿಯಿತು, ಉಳಿದ 63 ಜನ ಬಾಕಿ. ಅದೇ ಸೆಲೆಕ್ಟ್ ಸುತ್ತ ಲೂಪ್ ಒಳಗೇ ಪುಟ್ಟದೊಂದು ಬಿಗಿನ್-ಎಕ್ಸೆಪ್ಷನ್-ಎಂಡ್ ಇಟ್ಟರೆ, 37ನ್ನು ಬರೆದಿಟ್ಟುಕೊಂಡು 38ಕ್ಕೆ ಹೋಗುತ್ತದೆ.

ಆ ‘ವೆನ್ ಅದರ್ಸ್ ದೆನ್ ನಲ್’ ಮಾತ್ರ ಇವತ್ತೇ ತೆಗೆಯಿರಿ. ಎರರ್ ನುಂಗಿ ‘ಎಲ್ಲ ಸರಿ’ ಅನ್ನುವ ಕೋಡ್ ಅದು. ಹೊಸ ಕೆಲಸದಲ್ಲಿ ನಾನೂ ಅದನ್ನೇ ಹಾಕಿ, ಅರ್ಧ ದಾಖಲೆ ಯಾಕೆ ಸೇರಲಿಲ್ಲ ಅಂತ ಮೂರು ದಿನ ಹುಡುಕಿದ್ದೆ. ನಲ್ ಬದಲು ಎರರ್‌ನ ಸಂದೇಶ ಕೊಡುವ ಎಸ್‌ಕ್ಯೂಎಲ್‌ಎರ್‌ಎಂ ಪ್ರಿಂಟ್ ಮಾಡಿ, ಕೆಳಗೆ ಅದೇ ಎರರನ್ನು ಮತ್ತೆ ಹೊರಗೆ ಕಳಿಸುವ ರೇಸ್ ಹಾಕಿ. ಹಾಂ, ಪ್ರಿಂಟ್ ಮಾಡಿದ್ದು ಕಾಣಿಸದಿದ್ದರೆ ಗಾಬರಿ ಬೇಡ. ಮೊದಲು ಸೆಟ್ ಸರ್ವರ್‌ಔಟ್‌ಪುಟ್ ಆನ್ ಕೊಟ್ಟಿದ್ದೀರಾ ನೋಡಿ.