ಪ್ರಾರ್ಥನೆ ಪಾಳಿಯಲ್ಲಿ ನಿದ್ದೆ ಬಂತು, ಅದಕ್ಕೇ ತಮ್ಮ ಹೋದ ಅಂದ ಅಕ್ಕ

ಮೈಸೂರಲ್ಲಿ ನನ್ನ ಹತ್ರ ಆಪ್ತಸಲಹೆಗೆ ಬರೋ ಕ್ರೈಸ್ತ ಕುಟುಂಬದವರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳ್ತಿದೀನಿ, "ನಾನು ಸರಿಯಾಗಿ ಪ್ರಾರ್ಥನೆ ಮಾಡ್ಲಿಲ್ಲ, ಅದಕ್ಕೇ ಅವರು ಉಳೀಲಿಲ್ಲ". ಗಂಡನ ವಿಷಯದಲ್ಲಿ ಹೀಗಂದವರು ಇದಾರೆ, ಹೆತ್ತ ಮಗುವಿನ ವಿಷಯದಲ್ಲಿ ಅಂದವರೂ ಇದಾರೆ. ಅವರಲ್ಲಿ ಒಬ್ಬರ ವಿಷಯ ಮಾತ್ರ ಇಲ್ಲಿ ಬರೀತೀನಿ. ಒಪ್ಪಿಗೆ ಕೇಳಿದೀನಿ, ಗುರುತು ಸಿಗೋ ವಿವರ ಬದಲಾಯಿಸಿದೀನಿ, ಹೆಸರು ಮಾರ್ತಮ್ಮ ಅಂತಿಟ್ಕೊಳ್ಳಿ.

ಮಂಡ್ಯ ಕಡೆಯವರು, ನಲವತ್ತು ದಾಟಿದೆ, ಗಾರ್ಮೆಂಟ್ಸ್ ಕೆಲಸ. ತಮ್ಮನಿಗೆ ಕುಡಿದು ಕುಡಿದು ಲಿವರ್ ಹೋಗಿತ್ತು, ಐಸಿಯುನಲ್ಲಿದ್ದ. ಅವರ ಚರ್ಚ್ ಸಭೆಯ ಹೆಂಗಸರು ಅವನಿಗೋಸ್ಕರ ಸರಪಳಿ ಪ್ರಾರ್ಥನೆ ಇಟ್ರು. ಅಂದ್ರೆ ಇಪ್ಪತ್ನಾಲ್ಕು ಗಂಟೇನೂ ಬಿಡದ ಹಾಗೆ ಒಬ್ಬರಾದ ಮೇಲೊಬ್ಬರು ಅವರವರ ಮನೇಲೇ ಮೊಣಕಾಲೂರಿ ಒಂದೊಂದು ಗಂಟೆ ಬೇಡ್ಕೊಳ್ಳೋದು, ವಾಟ್ಸಾಪ್‌ನಲ್ಲಿ ಪಾಳಿ ಪಟ್ಟಿ ಇರುತ್ತೆ, ಮುಗಿಸಿದವರು ಆಮೆನ್ ಅಂತ ಹಾಕಿದ್ರೆ ಮುಂದಿನವರು ಶುರು ಮಾಡ್ತಾರೆ. ಮಾರ್ತಮ್ಮನ ಪಾಳಿ ಬೆಳಗಿನ ಜಾವ ಮೂರರಿಂದ ನಾಲ್ಕು. ಎರಡು ರಾತ್ರಿ ಐಸಿಯು ಬಾಗಿಲಲ್ಲಿ ಕೂತು, ಹಗಲೊತ್ತು ಮಿಷಿನ್ ತುಳಿದು ಬಂದಿದ್ದ ಹೆಂಗಸು, ಮಂಚದ ಅಂಚಿಗೆ ತಲೆ ಇಟ್ಟವರು ಮೊಣಕಾಲೂರಿದ ಹಾಗೇ ನಿದ್ದೆ ಹೋಗಿದಾರೆ. ಮೂರೂವರೆ ಹೊತ್ತಿಗೆ ತಮ್ಮ ತೀರ್ಕೊಂಡ.

ಮಣ್ಣು ಮಾಡಿ ಬಂದ ಮೇಲೆ ಗುಂಪಿನ ಹಿರಿಯ ಹೆಂಗಸೊಬ್ರು "ಆ ಹೊತ್ನಲ್ಲಿ ಒಡಕಿನಲ್ಲಿ ನಿಲ್ಲೋರೇ ಇರ್ಲಿಲ್ವಲ್ಲಮ್ಮ" ಅಂದ್ರಂತೆ. ಒಡಕಿನಲ್ಲಿ ನಿಲ್ಲೋದು ಅಂದ್ರೆ ಬೇರೆಯವರಿಗೋಸ್ಕರ ದೇವರ ಮುಂದೆ ಅಡ್ಡ ನಿಂತು ಬೇಡೋದು. ಅಷ್ಟೇ ಸಾಕಾಯ್ತು. ಅವತ್ತಿಂದ ಈ ಅಕ್ಕ ದಿನಾ ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಏಳೋದು, ಮತ್ತೆ ಮಲಗೋದಿಲ್ಲ, ವಾರದಲ್ಲಿ ಮೂರು ದಿನ ಉಪವಾಸ, ಬಿಪಿ ಮಾತ್ರೆ ಬಿಟ್ಟಿದ್ದರು. ಕೆಲಸದ ಜಾಗದಲ್ಲಿ ತಲೆ ಸುತ್ತಿ ಬಿದ್ದಾಗ ಅಲ್ಲಿನ ಡಾಕ್ಟರ್ ನನ್ನ ಹತ್ರ ಕಳಿಸಿದ್ರು.

ಸಾಯ್ಬೇಕು ಅಂತ ಅನ್ಸುತ್ತಾ ಅಂತ ಮೊದಲ ದಿನವೇ ನೇರವಾಗಿ ಕೇಳ್ದೆ, ಇಂಥ ಅಪರಾಧಿ ಭಾವ ಇದ್ದಾಗ ಆ ಪ್ರಶ್ನೆ ಮುಂದಕ್ಕೆ ಹಾಕಬಾರದು. ಇಲ್ಲ ಅಂದ್ರು. ತಮ್ಮನ ಲಿವರ್ ಸ್ಥಿತಿ ಬಗ್ಗೆ ಮಾತು ತೆಗೆದರೆ, "ಡಾಕ್ಟ್ರೂ ಯೋಳುದ್ರು ಮೇಡಂ, ಪೂರ್ತಿ ಓಗ್ಬುಟ್ಟಿತ್ತು ಅಂತ. ಆದ್ರೆ ದೇವ್ರ ಕೈಲಿ ಆಗ್ದೆ ಇರೋದು ಯಾವ್ದೈತೆ?" ಅಂದ್ರು. ನಂಬೋ ಮನುಷ್ಯರಿಗೆ ಮೆಡಿಕಲ್ ರಿಪೋರ್ಟ್ ತೋರಿಸಿ ಈ ನೋವು ಇಳಿಸೋಕಾಗಲ್ಲ, ಅವರಿಗೂ ರಿಪೋರ್ಟ್ ಅರ್ಥ ಆಗಿರುತ್ತೆ, ನೋವಿರೋದು ಬೇರೆ ಕಡೆ.

ಒಂದಿನ ಬ್ಯಾಗಿಂದ ಬೈಬಲ್ ತೆಗೆದು ಟೇಬಲ್ ಮೇಲಿಟ್ರು. ವಿಮೋಚನಕಾಂಡ 17ನೇ ಅಧ್ಯಾಯ, ಹನ್ನೊಂದನೇ ವಚನಕ್ಕೆ ಕೆಂಪು ಪೆನ್ನಲ್ಲಿ ಗೆರೆ, ಒತ್ತಿ ಒತ್ತಿ ಎಳೆದು ಹಾಳೆ ಹರಿಯೋ ಹಾಗಾಗಿತ್ತು. ಯೆಹೋಶುವ ಕೆಳಗೆ ಅಮಾಲೇಕ್ಯರ ಜೊತೆ ಯುದ್ಧ ಮಾಡ್ತಿರ್ತಾನೆ, ಇಸ್ರಾಯೇಲ್ಯರ ನಾಯಕ ಮೋಶೆ ಗುಡ್ಡದ ಮೇಲೆ ಕೈ ಎತ್ತಿ ನಿಂತಿರ್ತಾನೆ, ಕೈ ಎತ್ತಿರೋವರೆಗೂ ಇಸ್ರಾಯೇಲ್ಯರಿಗೆ ಗೆಲುವು, ಕೈ ಇಳಿದ್ರೆ ಅಮಾಲೇಕ್ಯರಿಗೆ. "ನೋಡಿ ಮೇಡಂ, ಬರ್ದೈತಲ್ಲ. ನಾನೂ ಕೈ ಇಳುಸ್ಬುಟ್ಟೆ."

ಮುಂದಿನ ವಚನ ಜೋರಾಗಿ ಓದಿ ಅಂದೆ. ಮೋಶೆಯ ಕೈ ಸೋತು ಭಾರ ಆದಾಗ ಒಂದು ಕಲ್ಲು ತಂದಿಟ್ರು, ಅವನು ಅದರ ಮೇಲೆ ಕೂತ, ಜೊತೆಗಿದ್ದ ಆರೋನ, ಹೂರ ಇಬ್ರೂ ಈ ಕಡೆ ಆ ಕಡೆ ನಿಂತು ಹೊತ್ತು ಮುಳುಗೋವರೆಗೂ ಅವನ ಕೈ ಹಿಡ್ಕೊಂಡಿದ್ರು. ಓದಿ ಮುಗಿಸಿ ಸುಮ್ನೆ ಕೂತ್ರು.

"ಕೈ ಸೋತಿದ್ದಕ್ಕೆ ಮೋಶೇನ ಯಾರಾದ್ರೂ ಬೈದ್ರಾ ಅಕ್ಕ?"

"ಇಲ್ಲ. ಕಲ್ ತಂದಾಕುದ್ರು."

ಸ್ವಲ್ಪ ಹೊತ್ತಾದ ಮೇಲೆ ದನಿ ಬದಲಾಯ್ತು. "ನಂಗ್ಯಾರೂ ಕಲ್ ತಂದಾಕ್ನಿಲ್ವಲ್ಲ ಮೇಡಂ? ಎರಡು ರಾತ್ರಿಯಿಂದ ಕಣ್ ಮುಚ್ಚಿಲ್ಲ ಅಂತ ಎಲ್ರಿಗೂ ಗೊತ್ತಿತ್ತು. ಗೊತ್ತಿದ್ದೂ ಮೂರು ಗಂಟೆ ಪಾಳಿ ನಂಗೇ ಕೊಟ್ರು."

ಅಷ್ಟು ದಿನದಲ್ಲಿ ಮೊದಲ ಸಲ ಅವರಿಗೆ ಸಿಟ್ಟು ಬಂತು, ಆಮೇಲೆ ಅಳು ಬಂತು, ತಮ್ಮನಿಗೋಸ್ಕರ ಬಂದ ಅಳು. ಅಲ್ಲೀವರೆಗೂ ಅವರು ಅತ್ತಿದ್ದೆಲ್ಲ ತನ್ನ ತಪ್ಪಿಗೋಸ್ಕರ.

ಆಪ್ತಸಲಹೆಗಾರರು ಧರ್ಮಗ್ರಂಥ ಮುಟ್ಟಬಾರದು, ಪಾಸ್ಟರ್ ಕೆಲಸ ನೀವ್ಯಾಕೆ ಮಾಡ್ತೀರಿ ಅಂತ ಇದನ್ನ ಕೇಳಿದ ಸಹೋದ್ಯೋಗಿಗಳು ಅಂದಿದಾರೆ. ನಾನು ಒಪ್ಪಲ್ಲ. ಬೈಬಲ್ ತಂದವರು ಅವರು. ಒಂದು ವಚನ ಅವರನ್ನ ರಾತ್ರಿಯೆಲ್ಲ ಎಬ್ಬಿಸ್ತಿರೋವಾಗ ಅದನ್ನ ಪಕ್ಕಕ್ಕಿಟ್ಟು ಉಸಿರಾಟದ ಎಕ್ಸರ್‌ಸೈಜ್ ಹೇಳ್ಕೊಟ್ರೆ ಏನು ಬಂತು? ನಾನು ಯಾರಿಗೂ ಹೊಸ ನಂಬಿಕೆ ಕೊಡ್ತಿಲ್ಲ, ಅವರ ನಂಬಿಕೆಯೊಳಗೇ ಇರೋ ಕರುಣೆಯನ್ನ ಅವರಿಂದಲೇ ಓದಿಸಿದ್ದು.

ಆ "ಒಡಕಿನಲ್ಲಿ ನಿಲ್ಲೋ" ಮಾತು ಬೈಬಲ್‌ನ ಯೆಹೆಜ್ಕೇಲ 22:30ರದ್ದು. ಅದಕ್ಕೆ ಮುಂಚಿನ ವಚನಗಳನ್ನೂ ಸೇರಿಸಿ ಓದಿ ದಯವಿಟ್ಟು, ಅಲ್ಲಿ ದೇವರ ಸಿಟ್ಟು ಇರೋದು ಪ್ರವಾದಿಗಳು, ಯಾಜಕರು, ಅಧಿಪತಿಗಳ ಮೇಲೆ, ಬಡವರನ್ನ ಪರದೇಶಿಗಳನ್ನ ಹಿಂಸೆ ಮಾಡಿದ ಜನರ ಮೇಲೆ. ಸುಸ್ತಾಗಿ ಮಲಗಿದ ಅಕ್ಕನ ಮೇಲೆ ಅದನ್ನ ಹೇರೋದು ಅನ್ಯಾಯ.

ಹಾಗಂತ ಬೇರೆಯವರಿಗೋಸ್ಕರ ಬೇಡೋದು ಸಣ್ಣ ವಿಷಯ ಅಂತ ನಾನು ಹೇಳ್ತಿಲ್ಲ. ನಿಮಗೋಸ್ಕರ ಪ್ರಾರ್ಥಿಸೋದನ್ನ ಬಿಟ್ರೆ ನಾನು ಪಾಪ ಮಾಡಿದ ಹಾಗೆ ಅಂತ ಬೈಬಲ್‌ನಲ್ಲಿ ಪ್ರವಾದಿ ಸಮುವೇಲನೇ ಹೇಳಿದಾನೆ. ಆದ್ರೆ ಬೇಕಂತ ಬಿಡೋದು ಬೇರೆ, ಮೈ ಸೋತು ಬೀಳೋದು ಬೇರೆ. ರಾಜ ದಾವೀದ ಕಾಯಿಲೆ ಬಿದ್ದ ತನ್ನ ಮಗುವಿಗೋಸ್ಕರ ಉಪವಾಸ ಇದ್ದು ನೆಲದ ಮೇಲೆ ಬಿದ್ದಿದ್ದ, ಮಗು ಏಳನೇ ದಿನ ತೀರ್ಕೊಳ್ತು, ಎದ್ದು ಸ್ನಾನ ಮಾಡಿ ಊಟ ಮಾಡಿದ, ಇನ್ನೂ ಚೆನ್ನಾಗಿ ಬೇಡಿದ್ರೆ ಉಳೀತಿತ್ತು ಅಂತ ಅಲ್ಲಿ ಯಾರೂ ಅಂದಿಲ್ಲ. ಯೇಸು ಪ್ರಾರ್ಥಿಸ್ತಿದ್ದ ಕೊನೇ ರಾತ್ರಿ ಶಿಷ್ಯರೂ ಮಲಗಿಬಿಟ್ಟರು, ದುಃಖದಿಂದ ನಿದ್ದೆ ಹೋಗಿದ್ರು ಅಂತ ಲೂಕ ತನ್ನ ಸುವಾರ್ತೇಲಿ ಕಾರಣಾನೂ ಬರೆದಿದಾನೆ. ಅವರು ಮಲಗಿದ್ದಾಗಲೂ ಯೇಸುವಿನ ಪ್ರಾರ್ಥನೆ ನಡೀತಾನೇ ಇತ್ತು. ಇಬ್ರಿಯರಿಗೆ ಬರೆದ ಪತ್ರದ 7:25 ಹೇಳೋದೂ ಅದನ್ನೇ, ನಮಗೋಸ್ಕರ ಬೇಡೋಕೆ ಆತ ಯಾವಾಗಲೂ ಬದುಕಿದಾನೆ ಅಂತ. ಹಾಗಿದ್ಮೇಲೆ ಮೂರು ಗಂಟೆ ಪಾಳಿಯವರು ತೂಕಡಿಸಿದ್ರೆ ಯಾವ ಸರಪಳಿ ಕಡಿದುಹೋಗುತ್ತೆ?

ನಾನು ಕೊಟ್ಟ ಸಲಹೆ ಹೇಳ್ತೀನಿ. ಬಿಪಿ ಮಾತ್ರೆ ಅವತ್ತಿಂದಲೇ ಶುರು, ಡಾಕ್ಟರ್ ಹೂಂ ಅನ್ನೋವರೆಗೂ ಉಪವಾಸ ಇಲ್ಲ. ಅಲಾರಂ ತೆಗೀರಿ, ರಾತ್ರಿ ಊಟ ಆದ್ಮೇಲೆ ಬೈಬಲ್‌ನ ಕೀರ್ತನೆ 121 ಓದಿ, ಕಾಯುವಾತನು ತೂಕಡಿಸೋದಿಲ್ಲ ಅಂತ ಅಲ್ಲೇ ಇದೆ, ಓದಿ ಮಲಗಿ. ಮಧ್ಯರಾತ್ರಿ ಎಚ್ಚರ ಆದ್ರೆ ತಮ್ಮನ ಹೆಸರು ಹೇಳಿ ಅಳಿ, ಲೆಕ್ಕ ಒಪ್ಪಿಸೋಕೆ ಹೋಗ್ಬೇಡಿ. ಆ ಹಿರಿಯ ಹೆಂಗಸಿನ ಜೊತೆ ಜಗಳಕ್ಕೆ ಈಗಲೇ ಬೇಡ, ಮೊದಲು ಗಂಡನ ಜೊತೆ ಹೋಗಿ ಪಾಸ್ಟರ್ ಹತ್ರ ಮಾತಾಡಿ.

ನಿದ್ದೆ ದಾರಿಗೆ ಬರೋಕೆ ಎರಡು ತಿಂಗಳಾಯ್ತು, ಈಗಲೂ ಕೆಲವು ರಾತ್ರಿ ಮೂರಕ್ಕೆ ಕಣ್ಣು ಬಿಡುತ್ತಂತೆ. ನಿಮ್ಮ ಮನೇಲೂ ಯಾರಾದ್ರೂ ಹೀಗೆ ವಾರಗಟ್ಟಲೆ ನಿದ್ದೆ ಬಿಟ್ಟು ತನ್ನನ್ನೇ ಬೈಕೊಳ್ತಿದ್ರೆ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಆ ಹಿರಿಯ ಹೆಂಗಸು ಇನ್ನೂ ಮಾರ್ತಮ್ಮನ ಹತ್ರ ಮಾತಾಡಿಲ್ಲ. ಪಾಸ್ಟರ್ ಮಾತ್ರ ಪೂರ್ತಿ ಕೇಳಿಸ್ಕೊಂಡ್ರಂತೆ, ಈಗ ಆ ಸಭೇಲಿ ರಾತ್ರಿ ಪಾಳಿಗೆ ಇಬ್ಬಿಬ್ಬರನ್ನ ಹಾಕ್ತಾರೆ, ರೋಗಿ ಮನೆಯವರ ಹೆಸರನ್ನ ಪಟ್ಟಿಗೇ ಸೇರಿಸಲ್ಲ. ಸರಪಳಿ ಪ್ರಾರ್ಥನೆ ಇಡೋ ಎಲ್ಲಾ ಗುಂಪಿನವರಿಗೂ ನಾನು ಕೇಳ್ಕೊಳ್ಳೋದು ಇಷ್ಟೇ, ಇವತ್ತೇ ನಿಮ್ಮ ಪಟ್ಟಿ ತೆಗೆದು ನೋಡಿ, ಆಸ್ಪತ್ರೆಯಲ್ಲಿ ರಾತ್ರಿ ಕಾಯ್ತಿರೋರ ಹೆಸರಿದ್ರೆ ಅಳಿಸಿ, ಅವರ ಮನೆಗೆ ಊಟ ಕಳಿಸಿ.