ದಿನನಿತ್ಯದ ಉಡುಪಿನಲ್ಲಿ ಮಹಿಳೆಯರು ಪ್ರೆಪ್ಪಿ ಶೈಲಿಯನ್ನು ಅಚ್ಚುಕಟ್ಟಾಗಿ ತರುವುದು ಹೇಗೆ?

ಮೊದಲು ಬಿಳಿ ಅಥವಾ ತಿಳಿನೀಲಿಯ ಒಳ್ಳೆಯ ಆಕ್ಸ್‌ಫರ್ಡ್ (ತುಸು ದಪ್ಪ ನೇಯ್ಗೆಯ ಹತ್ತಿಬಟ್ಟೆಯ) ಶರ್ಟ್ ಕೊಳ್ಳಿ. ಅಮೆರಿಕದ ಈಶಾನ್ಯ ಭಾಗದ ಖಾಸಗಿ ಶಾಲೆಗಳಲ್ಲಿ, ಐವಿ ಲೀಗ್ ಎಂಬ ಗುಂಪಿನ ಹೆಸರಾಂತ ಕಾಲೇಜುಗಳಲ್ಲಿ ಬೆಳೆದ ಈ ಶೈಲಿಗೆ ಅದೇ ಬೆನ್ನೆಲುಬು. ಕಾಲರಿನ ತುದಿಗಳಿಗೆ ಗುಂಡಿ ಇರಲಿ. ಭುಜದ ಹೊಲಿಗೆ ಭುಜದ ಅಂಚಿಗೇ ಕೂರಬೇಕು; ಸೊಂಟ, ತೋಳುಗಳನ್ನು ದರ್ಜಿ ಸುಲಭವಾಗಿ ಸರಿಪಡಿಸಬಲ್ಲರು, ಭುಜವನ್ನು ಸರಿಪಡಿಸುವುದು ಕಷ್ಟ. ಲಾಂಛನ ದೊಡ್ಡದಾಗಿ ಕಾಣುವ ಬಟ್ಟೆಗಿಂತ ಚೆನ್ನಾಗಿ ಇಸ್ತ್ರಿ ಮಾಡಿದ ಸಾದಾ ಬಟ್ಟೆಯೇ ನನಗೆ ಮೇಲೆನಿಸುತ್ತದೆ. ಜೊತೆಗೆ ಕಡುನೀಲಿ ಸ್ವೆಟರ್, ಖಾಕಿ ಪ್ಯಾಂಟ್ ಅಥವಾ ನೆರಿಗೆಯ ಸ್ಕರ್ಟ್, ಪಾಲಿಷ್ ಮಾಡಿದ ಕಂದು ಲೋಫರ್ (ಲೇಸಿಲ್ಲದ ಶೂ).

ಬೇಸಿಗೆಗೆ ಮದ್ರಾಸ್ ಚೆಕ್ಸ್ ಆರಿಸಿ. ನಮ್ಮ ಪಕ್ಕದ ಚೆನ್ನೈನ ಹಳೆಯ ಹೆಸರು ಹೊತ್ತ ಈ ತೆಳು ಹತ್ತಿಬಟ್ಟೆ ಅಮೆರಿಕದ ಕಾಲೇಜುಗಳ ಅಚ್ಚುಮೆಚ್ಚು, ನಮ್ಮ ಸೆಕೆಗೂ ಹಿತ. ಶರ್ಟ್ ಚೌಕಳಿಯದಾದರೆ ಉಳಿದದ್ದೆಲ್ಲ ಸಾದಾ ಇರಲಿ.